ಮಂಗ್ಯಾನ ಕೈಯಳತೆ

ಬ್ರಹ್ಮಪುರದ ಮಂಗಗಳಿಗೆ ಮಾತು ಬರುತ್ತಿದ್ದರೆ ಅಣವೀರಪ್ಪನವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡುತ್ತಿದ್ದವು. ಅವರ ಹೆಂಡತಿ ಲಲಿತಾಬಾಯಿಯವರ ತವರು ಕಮಲಾಪುರ. ಅಲ್ಲಿಂದ ಬರುವ ಕೆಂಪು ಬಾಳೆಯ ಗೊನೆ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ತೂಗುತ್ತಿತ್ತು. ದಿನಕ್ಕೆರಡು ಹಣ್ಣು ಮಾಯ! ಕೇಳಿದರೆ, "ಮಂಗ್ಯಾ ಒಯ್ದಾವ" ಎಂದು ಅಣವೀರಪ್ಪನವರು ಮಾಳಿಗೆಯ ಕಡೆ ಕೈ ತೋರಿಸುತ್ತಿದ್ದರು. (ಅವರಿಗೆ ಸಕ್ಕರೆ ಕಾಯಿಲೆ. ಬಾಳೆಹಣ್ಣಿನ ಚಿತ್ರ ಕೂಡ ನೋಡಬಾರದು ಎಂದಿದ್ದರು ಡಾಕ್ಟರು. ಚಿತ್ರ ಅವರು ನೋಡುತ್ತಿರಲಿಲ್ಲ.)

"ಎಂಥಾ ಮಂಗ್ಯಾರೀ ಅವು? ಸಿಪ್ಪಿ ಸುಲ್ದು, ಪೇಪರಿನ್ಯಾಗ ಸುತ್ತಿ, ಬಾಜೂ ಮನಿ ಕಸದ ಬುಟ್ಟಿಗೆ ಒಗದಾವ!"

"ಪ್ಯಾಟಿ ಮಂಗ್ಯಾ. ಶಾಣ್ಯಾ ಆಗ್ಯಾವ."

ಈ ಸಲದ ಗೊನೆ ಮಾತ್ರ ಹಾಗೆ ಬಿಡುವಂಥದ್ದಲ್ಲ. ಸೋಮವಾರ ಬಸುರಿ ಮಗಳು ಶೀಲಾಳ ಕುಬಸ, ಅಂದರೆ ಸೀಮಂತ. ತವರಿನ ಕೆಂಪು ಬಾಳೆಯಿಂದಲೇ ಮಗಳ ಉಡಿ ತುಂಬುತ್ತೇನೆಂದು ಲಲಿತಾಬಾಯಿ ಬೀಗರಿಗೆಲ್ಲ ಸಾರಿಬಿಟ್ಟಿದ್ದರು. ಅಂದು ಗೊನೆ ಬೋಳಾಗಿದ್ದರೆ ಅವರ ಮರ್ಯಾದೆ ಮೂರಾಬಟ್ಟೆ. ಸಂದಿಗೆ ತಂತಿ ಜಾಳಿಯ ಬಾಗಿಲು ಹಾಕಿಸಿ ಬೀಗ ಜಡಿಯುವುದೇ ಸರಿ ಎಂದು ಗಂಡನನ್ನೂ ಎಳೆದುಕೊಂಡು ಕಮಲಾಪುರದ ಬಸ್ಸು ಹತ್ತಿದರು.

ಅಲ್ಲಿ ತವರಿನವರ ಗುರುತಿನ ಜಾಳಿ ಅಂಗಡಿಯ ಇಮಾಮುದ್ದೀನ್ ಎರಡು ತುಂಡು ತಂದು ಮುಂದಿಟ್ಟ.

"ಇದು ಹೆಣೆದ ಜಾಳಿ ನೋಡ್ರಿ ಅಕ್ಕಾರ. ಗುದ್ದಿದ್ರ ತಡಕೊಂತದ, ಖರೆ ಒತ್ತಿದ್ರ ತಂತಿ ಜರಾ ಸರೀತಾವ. ಇದು ವೆಲ್ಡಿಂಗ್ ಜಾಳಿ. ತಂತಿ ಕೂಡಿದಲ್ಲೆಲ್ಲಾ ಬೆಸುಗಿ. ಹಂದಾಡಂಗಿಲ್ಲ."

ಸರೀತಾವ! ಅಣವೀರಪ್ಪನವರ ಕಿವಿ ನೆಟ್ಟಗಾದವು.

"ಹೆಣೆದದ್ದೇ ಇರ್ಲಿ! ಬೆಸುಗಿ ಇವತ್ತಲ್ಲ ನಾಳಿ ಬಿಡತದ. ಹೆಣಿಗಿ ಅಂದ್ರ ಸಂಸಾರ ಇದ್ದಂಗ, ಒಂದಕ್ಕೊಂದು ಹಿಡಕೊಂಡಿರ್ತಾವ."

ಮೂವತ್ತು ವರ್ಷದಲ್ಲಿ ಮನೆಯ ಪರದೆಯ ಬಣ್ಣದ ಬಗ್ಗೆಯೂ ತುಟಿ ಬಿಚ್ಚದ ಗಂಡನನ್ನು ಲಲಿತಾಬಾಯಿ ಒಂದು ಗಳಿಗೆ ನೋಡಿದರು. "ಆತು, ನೀವು ಹೇಳಿದಂಗ," ಎಂದರು. ಅಣವೀರಪ್ಪನವರ ಎದೆ ಒಂದು ಗೇಣು ಉಬ್ಬಿತು.

ಶುಕ್ರವಾರ ಬಾಗಿಲು ಕೂತಿತು. ಬೀಗದ ಕೈ ಲಲಿತಾಬಾಯಿಯವರ ಸೊಂಟ ಸೇರಿತು. ಶನಿವಾರ ಮಧ್ಯಾಹ್ನ ಅವರು ಪಕ್ಕದ ಮನೆಯ ಪಂಚಶೀಲಾಳನ್ನು ಕರೆದುಕೊಂಡು, ಕುಂಕುಮದ ಭರಣಿ ಹಿಡಿದು, ಕುಬಸಕ್ಕೆ ಕರೆಯಲು ಹೊರಟರು. ಅವರು ಓಣಿ ದಾಟುವುದನ್ನೇ ಕಾದಿದ್ದ ಅಣವೀರಪ್ಪನವರು ಎರಡು ಹೆಬ್ಬೆರಳಿನಿಂದ ಜಾಳಿಯನ್ನು ಒತ್ತಿದರು. ಇಮಾಮುದ್ದೀನ್ ಸುಳ್ಳು ಹೇಳುವ ಮನುಷ್ಯನಲ್ಲ. ತಂತಿಗಳು ಸರಿದವು, ಕೈ ಒಳಗೆ ಹೋಯಿತು, ಎಲ್ಲಕ್ಕಿಂತ ದಪ್ಪನೆಯ ಹಣ್ಣು ಸಿಕ್ಕಿತು. ಎಳೆದರೆ, ಕೈ ಬರಲೊಲ್ಲದು! ಸರಿದ ತಂತಿಗಳು ಮಣಿಕಟ್ಟಿನ ಹಿಂದೆ ತಮ್ಮ ಜಾಗಕ್ಕೆ ಮರಳಿದ್ದವು. ಹಣ್ಣು ಬಿಟ್ಟರೆ ಬಿಡುಗಡೆ ಎಂದು ಬುದ್ಧಿ ಹೇಳಿತು. ನಾಲಿಗೆ ಬೇಡವೆಂದಿತು. ನಾಲಿಗೆಯ ಮಾತು ಕೇಳಿ ಅರ್ಧ ತಾಸು ಜಗ್ಗಿದ ಮೇಲೆ ಮುಂಬಾಗಿಲ ಸದ್ದಾಯಿತು. ಆಗ ಹಣ್ಣು ಬಿಟ್ಟರು, ಆದರೆ ಬಾತುಕೊಂಡಿದ್ದ ಕೈಯನ್ನು ಜಾಳಿ ಬಿಡಲಿಲ್ಲ.

ಪಂಚಶೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಒಳಗ ಮಂಗ್ಯಾ ಹೊಕ್ಕಿತ್ತು," ಎಂದರು ಅಣವೀರಪ್ಪನವರು, "ಹೊಡ್ಯಾಕ ಹೋಗಿದ್ದೆ."

"ಹೌದೇನ್ರಿ? ಅಯ್ಯ ಪಾಪ!" ಲಲಿತಾಬಾಯಿ ಬೀಗ ತೆಗೆದು, ಜಾಳಿಯ ಒಳಬದಿಯಿಂದ ಕೊಬ್ಬರಿ ಎಣ್ಣೆ ಸುರಿದು, ತಿಕ್ಕಿ ಕೈ ಬಿಡಿಸಿದರು. ಒಂದು ಬೈಗುಳವಿಲ್ಲ. ಇಮಾಮುದ್ದೀನನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಗಂಡನ ಮುಂದೆ ಹಿಡಿದರು. "ಜಾಳಿ ಆರಿಸಿದವ್ರು ನೀವು. ನೀವೇ ಹೇಳ್ರಿ."

"ಇಮಾಮುದ್ದೀನ್, ನಾಳಿನೇ ಬಂದು ವೆಲ್ಡಿಂಗ್ ಜಾಳಿ ಹಾಕಪಾ. ಇದರಾಗ... ಮಂಗ್ಯಾ ಕೈ ಹಾಕ್ಯಾದ."

"ಆಯ್ತ್ರಿ ಸಾಹೇಬ್ರ. ತೂತು ಎಷ್ಟ ಸಣ್ಣದಿರ್ಲಿ? ಮಂಗ್ಯಾನ ಕೈ ಎಷ್ಟ ಅಗಲ ಅದ?"

ಲಲಿತಾಬಾಯಿ ಹೊಲಿಗೆ ಮಷೀನಿನ ಖಾನೆಯಿಂದ ಟೇಪು ತಂದು ಗಂಡನ ತೊಡೆಯ ಮೇಲಿಟ್ಟರು. "ಬೆರಳು ಕೂಡಿಸಿ ಅಳೀರಿ."

ಅಣವೀರಪ್ಪನವರು ಎಣ್ಣೆಗೈಯ ಬೆರಳು ಕೂಡಿಸಿದರು, ಟೇಪು ಹಿಡಿದರು, ಕನ್ನಡಕ ಏರಿಸಿಕೊಂಡು ನೋಡಿದರು.

"ಮೂರೂವರಿ ಇಂಚು."

"ಯಾ ಅಲ್ಲಾ!" ಎಂದ ಇಮಾಮುದ್ದೀನ್. "ಯಾರೋ ಮನ್ಯಾಗ ಇಟ್ಟು ಚಲೋ ಸಾಕ್ಯಾರ ನೋಡ್ರಿ ಅದನ್ನ!"