ಬಾಡಿಗೆ ಇದೆ!

"ಬ್ರೋಕರ್ ಯಾಕೆ? ನಾನು ತಿದ್ದಿದ ಒಂದು ಬೋರ್ಡು ಸಾಕು. ಸಂಜೆಯೊಳಗೆ ಮಹಡಿ ಕೋಣೆಗೆ ಜನ ಬರದಿದ್ದರೆ ಕೇಳು!" ಎಂದು ಕತ್ತರಿ ಸಾಹೇಬರು ಭಾನುವಾರ ಬೆಳಗ್ಗೆ ಘೋಷಿಸಿದರು.

'ಕತ್ತರಿ' ಎಂಬ ಈ ಹೆಸರು ಪ್ರೆಸ್ಸಿನವರು ಇಟ್ಟದ್ದು. ಇಪ್ಪತ್ತಾರು ವರ್ಷದಿಂದ ಅಲ್ಲಿ ಕರಡು ತಿದ್ದುತ್ತಿದ್ದ ಅವರ ಕೈಗೆ ಸಿಕ್ಕ ಯಾವ ವಾಕ್ಯವೂ ಮೈ ಇಳಿಸಿಕೊಳ್ಳದೆ ಆಚೆ ಹೋದದ್ದಿಲ್ಲ. ನಿಧನವಾರ್ತೆಯಲ್ಲಿ 'ನಮ್ಮನ್ನೆಲ್ಲ ಅಗಲಿ ಹೋದರು' ಎಂದಿದ್ದರೆ 'ಹೋದರು' ಅಷ್ಟೇ ಉಳಿಯುತ್ತಿತ್ತು! ಮನೆಯಲ್ಲಿ ಮಾತ್ರ ನಿಜವಾದ ಕತ್ತರಿ ಹೆಂಡತಿಯ ಕೈಯಲ್ಲಿತ್ತು. ಆಕೆ ನಡುಮನೆಯಲ್ಲೇ ಬಟ್ಟೆ ಹೊಲಿದು ಕೊಡುತ್ತಿದ್ದರು.

ಹೆಂಡತಿ ರಟ್ಟಿನ ಮೇಲೆ ಬರೆದರು: 'ಮಹಡಿ ಕೋಣೆ ಬಾಡಿಗೆಗೆ ಇದೆ. ಒಳಗೆ ವಿಚಾರಿಸಿ.'

ಸಾಹೇಬರಿಗೆ ತಡೆಯಲಾಗಲಿಲ್ಲ. "ಮಹಡಿ ರಸ್ತೆಗೇ ಕಾಣುತ್ತೆ. ಒಳಗೆ ವಿಚಾರಿಸದೆ ಬೀದಿ ದೀಪಾನ ವಿಚಾರಿಸ್ತಾರಾ? ಇನ್ನು ಈ 'ಗೆಗೆ' ಏನೇ ಇದು? ತೊದಲಿದ ಹಾಗೆ!"

ಉಳಿದದ್ದು ಎರಡೇ ಪದ: 'ಬಾಡಿಗೆ ಇದೆ.' ಅದನ್ನು ಗೇಟಿಗೆ ನೇತುಹಾಕಿದರು. ಹೆಂಡತಿ ಹೊಲಿದ ಬಟ್ಟೆ ಕೊಟ್ಟು ಬರಲು ಹೋದರು. ಸಾಹೇಬರು ಸ್ನಾನಕ್ಕೆ ಹೋದರು.

ಮೈಗೆ ಸೋಪು ಹಚ್ಚುವಷ್ಟರಲ್ಲಿ ಹೊರಗಿಂದ ಕೂಗು: "ಸಾರ್, ಬಾಡಿಗೆ ಇದೆಯಾ?"

"ಇದೆ ಇದೆ! ಮೇಲೆ ಹೋಗಿ ನೋಡಿ!"

ಸ್ವಲ್ಪ ಹೊತ್ತಾದ ಮೇಲೆ, "ಮೇಲೆ ಎಲ್ಲ ಖಾಲಿ ಆಗಿದೆಯಲ್ಲ ಸಾರ್?"

"ಮತ್ತಿನ್ನೇನು? ತಡ ಯಾಕೆ, ಸಾಮಾನು ಸಾಗಿಸಿ!"

"ಈಗಲೇನಾ?"

"ಈಗಲೇ!" ಎಂದರು ಸಾಹೇಬರು. ಹತ್ತು ನಿಮಿಷಕ್ಕೇ ಬಾಡಿಗೆದಾರ ಸಿಕ್ಕ ಖುಷಿಗೆ ಇನ್ನೊಂದು ಸಲ ಸೋಪು ಹಚ್ಚಿಕೊಂಡರು.

ಟವೆಲ್ ಸುತ್ತಿಕೊಂಡು ಆಚೆ ಬಂದರೆ ನಡುಮನೆ ಬಟಾಬಯಲು! ಮಂಚವಿಲ್ಲ, ಕುರ್ಚಿಯಿಲ್ಲ, ಅವರು ತೆಗೆದಿಟ್ಟಿದ್ದ ಅಂಗಿಯೂ ಇಲ್ಲ. ಗೇಟಿನ ಮುಂದೆ ಒಂದು ಸಾಮಾನಿನ ವ್ಯಾನು. ಅದರ ಮೇಲೆ ಹಗ್ಗ ಬಿಗಿಸಿಕೊಂಡು ಕೂತ ಹೊಲಿಗೆ ಮಷೀನು. ವ್ಯಾನಿನ ಪಕ್ಕದಲ್ಲಿ, ಆಗತಾನೇ ಬಂದು ನಿಂತ ಹೆಂಡತಿ.

"ರೀ, ನನ್ನ ಮಷೀನು ಎಲ್ಲಿಗೆ ಹೊರಟಿದೆ?"

"ನಾನೂ ಅದನ್ನೇ ಕೇಳೋಣ ಅಂತಿದ್ದೆ ಅಕ್ಕ," ಎಂದ ಡ್ರೈವರ್. "ಎಲ್ಲಿಗೆ ಅಂತ ಸಾಹೇಬ್ರು ಹೇಳಲೇ ಇಲ್ಲ."

"ನಾನು ಕೋಣೆ ಬಾಡಿಗೆಗೆ ಕೊಡ್ತೀನಿ ಅಂದದ್ದಯ್ಯಾ!" ಸಾಹೇಬರು ಕಿರುಚಿದರು.

"ಬೋರ್ಡಲ್ಲಿ ಕೋಣೆ ಎಲ್ಲಿದೆ ಸಾಹೇಬ್ರೆ? ಬಾಡಿಗೆ ಇದೆ ಅಂತಿದೆ. ನಮ್ಮ ವ್ಯಾನ್ ಸ್ಟ್ಯಾಂಡಲ್ಲಿ ಬಾಡಿಗೆ ಇದೆ ಅಂದ್ರೆ ಗಾಡಿಗೆ ಕೆಲಸ ಇದೆ ಅಂತ." ಅಷ್ಟರಲ್ಲಿ ಇನ್ನೆರಡು ವ್ಯಾನು ಬಂದು ಸಾಲಾಗಿ ನಿಂತವು.

ಹೆಂಡತಿಯ ಕಣ್ಣು ಮಾತ್ರ ವ್ಯಾನಿನೊಳಗಿದ್ದ ಬಟ್ಟೆ ಗಂಟುಗಳ ಮೇಲಿತ್ತು. ಹದಿನೇಳು ಗಿರಾಕಿಗಳ ಬಟ್ಟೆ, ಅಳತೆ ಚೀಟಿ ಸಮೇತ. ಒಂದರದ್ದು ಇನ್ನೊಂದಕ್ಕೆ ಸೇರಿದರೆ ಹತ್ತು ವರ್ಷದ ಹೆಸರು ಮಣ್ಣುಪಾಲು! ಆಕೆ ನಿಂತಲ್ಲೇ ಗಂಟುಗಳನ್ನು ಎಣಿಸತೊಡಗಿದರು.

"ಗಾಬರಿ ಆಗ್ಬೇಡಿ ಅಕ್ಕ," ಎನ್ನುತ್ತಾ ಡ್ರೈವರ್ ಹಗ್ಗ ಬಿಚ್ಚಿದ. ಒಂದೊಂದೇ ಗಂಟು ತಂದು ನಡುಮನೆ ಗೋಡೆಯ ಯಾವ ಮೊಳೆಯಿಂದ ತೆಗೆದಿದ್ದನೋ ಅದೇ ಮೊಳೆಗೆ ಹಾಕಿದ. ಒಂದು ಚೀಟಿಯೂ ಅದಲುಬದಲಾಗಿರಲಿಲ್ಲ.

ಹೆಂಡತಿ ಉಸಿರು ಬಿಟ್ಟು ಕೇಳಿದರು, "ಇಷ್ಟು ನೀಟಾಗಿ ಕೆಲಸ ಮಾಡ್ತೀಯಲ್ಲಪ್ಪ, ನಿನ್ನ ಮನೆ ಎಲ್ಲಿ?"

"ಇನ್ಮೇಲೆ ಎಲ್ಲೂ ಇಲ್ಲ ಅಕ್ಕ. ಓನರ್ ಖಾಲಿ ಮಾಡಿ ಅಂದಿದ್ದಾರೆ. ನಾನು, ನಮ್ಮಮ್ಮ ಇಬ್ರೇ."

ಮಹಡಿ ಕೋಣೆ ಅವನಿಗೇ ಎಂದು ಅಲ್ಲೇ ತೀರ್ಮಾನವಾಯಿತು. ಸಾಹೇಬರನ್ನು ಯಾರೂ ಕೇಳಲಿಲ್ಲ.

ಸಂಜೆ ಅದೇ ವ್ಯಾನಿನಲ್ಲಿ ಡ್ರೈವರನ ಸಂಸಾರ ಬಂತು. ಹೆಂಡತಿ ಸಾಹೇಬರಿಗೆ ಕಣ್ಣಲ್ಲೇ ಮಹಡಿ ಮೆಟ್ಟಿಲು ತೋರಿಸಿದರು. ಸಾಹೇಬರು ಬನಿಯನ್ನಿನಲ್ಲೇ, ತಲೆಗೊಂದು ಟವೆಲ್ ಸುತ್ತಿ, ಹಾಸಿಗೆ ಹೊತ್ತು ಹತ್ತಿದರು, ಇಳಿದರು, ಪಾತ್ರೆಯ ಮೂಟೆ ಹೊತ್ತು ಮತ್ತೆ ಹತ್ತಿದರು. ಡ್ರೈವರನ ತಾಯಿ ಇದನ್ನು ನೋಡುತ್ತಲೇ ಇದ್ದರು. ಸೆರಗಿನ ಗಂಟು ಬಿಚ್ಚುತ್ತಾ ಹೆಂಡತಿಯ ಬಳಿ ಬಂದು ಮೆಲ್ಲಗೆ ಕೇಳಿದರು:

"ಪಾಪ, ವಯಸ್ಸಾದ ಕೂಲಿಯವ್ರು. ಎಷ್ಟು ಕೊಡ್ಬೇಕಮ್ಮ?"

ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಏನೂ ಬೇಡಮ್ಮ. ಎರಡು ಹೊತ್ತು ಊಟಕ್ಕೆ ಇಲ್ಲೇ ಇರ್ತಾರೆ."