ನಮ್ಮ ಯಜಮಾನರ ಬೆನ್ನುಮೂಳೆಯ ತಪಾಸಣೆ

ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರಾಗಿ ಬಿಡಿಭಾಗಗಳನ್ನು ಪಾಸು-ಫೇಲು ಮಾಡಿದವರನ್ನು ಕಟ್ಟಿಕೊಂಡರೆ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಕಾರವಾರದಿಂದ ಟಿ. ದಾಸರಹಳ್ಳಿಗೆ ಸೊಸೆಯಾಗಿ ಬಂದ ನನಗೆ ಇದೆಲ್ಲ ರೂಢಿ. ಆದರೆ ಆ ಸಲ ಕಾರವಾರದಲ್ಲಿ ತಂಗಿಯ ಮಗಳ ಮದುವೆಯಿತ್ತು, ನಾನು ತವರು ನೋಡಿ ಆರು ವರ್ಷವಾಗಿತ್ತು. ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಎಂದೆ. ನಮ್ಮ ಯಜಮಾನರು ಸ್ಟೂಲಿನಿಂದ ಜಾರಿ ದೊಪ್ಪನೆ ಕೂತರು. ಬೆನ್ನುಮೂಳೆ ಬಿರುಕು ಬಿಟ್ಟಿದೆಯೋ ಏನೋ, ಸಿ.ಟಿ. ಸ್ಕ್ಯಾನ್ ಆಗಲಿ, ಪ್ರಯಾಣದ ಮಾತು ಆಮೇಲೆ ಎಂದರು ಡಾಕ್ಟರಮ್ಮ. ಊರೂರು ಸುತ್ತುವುದೆಂದರೆ ಆಗದ ಇವರ ಮುಖದಲ್ಲಿ ನೋವಿಗಿಂತ ನೆಮ್ಮದಿಯೇ ಹೆಚ್ಚಿತ್ತು.

ಬೇರಿಂಗ್ ಸದ್ದು

ಸ್ಕ್ಯಾನ್ ಮಾಡುವಾಕೆ ಬೆಲ್ಟು, ಕೀಲಿಕೈ, ಉಡಿದಾರದ ಬೆಳ್ಳಿ ತಾಯಿತ ಎಲ್ಲ ಬಿಚ್ಚಿಸಿ ನನ್ನ ಕೈಗೆ ಕೊಡಿಸಿದಳು. ಅಲ್ಲಾಡಬೇಡಿ ಎಂದು ಹೇಳಿ ಇವರನ್ನು ದೊಡ್ಡ ಬಳೆಯಂಥ ಯಂತ್ರದೊಳಕ್ಕೆ ಸರಿಸಿದಳು. ಎರಡು ಸಲ ಮೊದಲಿಂದ ಶುರುಮಾಡಬೇಕಾಯಿತು. ಯಂತ್ರ ತಿರುಗುವ ಸದ್ದು ಸರಿಯಿಲ್ಲ, ಬೇರಿಂಗ್ ಸವೆದಿದೆ ಎಂದು ಇವರು ಒಳಗಿನಿಂದಲೇ ಕೈಯೆತ್ತಿ ವಿವರಿಸುತ್ತಿದ್ದರಂತೆ.

ಕೊನೆಗೆ ಅವಳೆಂದಳು, "ಸಾರ್, ಮೊದ್ಲು ನಿಮ್ಮ ಬೇರಿಂಗ್ ನೋಡ್ಬಿಡ್ತೀನಿ, ಆಮೇಲೆ ಇದರದ್ದು."

ಕಿಟಕಿಗೆ ಅಂಟಿಸಿದ ಫಿಲ್ಮು

ವರದಿ ಮರುದಿನ ಡಾಕ್ಟರಿಗೇ ಹೋಗುತ್ತದೆ ಎಂದು ಫಿಲ್ಮ್ ಮಾತ್ರ ಕೊಟ್ಟರು. ಇವರು ಅದನ್ನು ನಡುಮನೆಯ ಕಿಟಕಿಗೆ ಅಂಟಿಸಿ, ತಮ್ಮ ಜೊತೆಗೇ ನಿವೃತ್ತರಾದ ಮೂವರು ಇನ್‌ಸ್ಪೆಕ್ಟರುಗಳನ್ನು ಕರೆಸಿದರು. ಒಬ್ಬರು ಭೂತಗನ್ನಡಿ ತಂದಿದ್ದರು, ಇನ್ನೊಬ್ಬರು ಅಳತೆಯ ವರ್ನಿಯರ್. ಮೂರನೆಯವರು ಎಣಿಸಿ ನೋಡಿ, ಬೆನ್ನಿನಲ್ಲಿ ಮೂವತ್ತಮೂರು ಮೂಳೆ ಇರಬೇಕು, ಇಲ್ಲಿ ಆರೇ ಇವೆ, ಮಾಲು ಕಡಿಮೆ ಬಂದಿದೆ ಎಂದರು. ಸೊಂಟದ ಭಾಗ ಮಾತ್ರ ತೆಗೆದಿದ್ದಾರೆ ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಎರಡು ಸುತ್ತು ಕಾಫಿಯಾದ ಮೇಲೆ ನಾಲ್ಕನೇ ಮೂಳೆಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಸೊನ್ನೆ ಸುತ್ತಿ, "ರಿಜೆಕ್ಟ್, ಬದಲಾಯಿಸುವುದು" ಎಂದು ಬರೆದರು. ಕೆಳಗೆ ನಾಲ್ಕು ಸಹಿ ಬಿದ್ದವು.

ಅದರಲ್ಲಿ ಒಂದು ಸಹಿ ಮಾಲಿನದ್ದೇ.

ಡಾಕ್ಟರಮ್ಮನ ತೀರ್ಪು

ಡಾಕ್ಟರಮ್ಮ ವರದಿ ಓದಿದರು. ಫಿಲ್ಮನ್ನು ದೀಪಕ್ಕೆ ಹಿಡಿದು ಕೆಂಪು ಬರಹವನ್ನೂ ಓದಿ, ಇದು ಯಾರದ್ದು ಎಂದರು. ಅನುಭವಸ್ಥರದ್ದು ಮೇಡಂ, ಇಂಥ ಮೂಳೆ ಇಟ್ಟುಕೊಂಡು ರೈಲು ಹತ್ತಬಾರದು ಎಂಬುದು ಅವರ ಅಭಿಪ್ರಾಯ ಎಂದರು ಇವರು. ಮದುವೆಗೆಂದು ತೆಗೆದಿಟ್ಟ ಸೀರೆಯನ್ನು ನಾನು ಮನಸ್ಸಿನಲ್ಲೇ ಬೀರುವಿಗೆ ವಾಪಸು ಸೇರಿಸಿದೆ.

ಡಾಕ್ಟರಮ್ಮ ನಗಲಿಲ್ಲ. "ಬಿರುಕೇನಿಲ್ಲ, ವಯಸ್ಸಿನ ಸವೆತ. ಸೊಂಟಕ್ಕೆ ಪಟ್ಟಿ ಕಟ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗ್ಬಹುದು. ಆದ್ರೆ ನಾಲ್ಕು ಜನ ಅನುಭವಸ್ಥರು ಬದಲಾಯಿಸಿ ಅಂದಿದಾರಲ್ಲ. ಸೋಮವಾರ ಆಪರೇಷನ್ ಇಟ್ಕೊಳ್ಳೋಣ್ವಾ?"

ಇವರು ಕುರ್ಚಿಯಿಂದ ನೆಟ್ಟಗೆ ಎದ್ದುನಿಂತರು. "ಅವ್ರೆಲ್ಲ ರಿಟೈರ್ ಆದೋರು ಮೇಡಂ, ಅವ್ರ ಸಹಿ ಎಲ್ಲೂ ನಡೆಯಲ್ಲ" ಎಂದವರೇ ನನ್ನ ಕಡೆ ತಿರುಗಿದರು. "ಏನೇ, ಕಾರವಾರದ ರೈಲು ಎಷ್ಟೊತ್ತಿಗೆ?"