ಅಜಂತಾದಲ್ಲಿ ನನ್ನ ದೀಡ ನಮಸ್ಕಾರ

ಗದ್ವಾಲದ ಶಿವಶಂಕರಪ್ಪನವರನ್ನು ಅಜಂತಾದ ಗವಿಗಳಿಗೆ ಕರೆದೊಯ್ದು, ನಮ್ಮ ಮನೆತನದ ತಲೆ ಎಷ್ಟು ಗಟ್ಟಿ ಎಂಬುದನ್ನು ಬಂಡೆಗಲ್ಲಿನ ಸಾಕ್ಷಿಯಲ್ಲಿ ತೋರಿಸಿಬಿಡುತ್ತೇನೆ ಎಂದು ನಾನು ಘೋರ ಪ್ರತಿಜ್ಞೆ ಮಾಡಿದ್ದು ಊಟದ ಮಣೆಯ ಮೇಲೆ ಕುಳಿತು. ಕುಳಿತಲ್ಲಿ ನನ್ನಷ್ಟು ಧೈರ್ಯಶಾಲಿ ನಾರಾಯಣಪೇಟೆಯ ಸೀರೆ ಅಂಗಡಿಗಳ ಸಾಲಿನಲ್ಲೇ ಇನ್ನೊಬ್ಬನಿಲ್ಲ. ತೊಂದರೆ ಏನಿದ್ದರೂ ಎದ್ದು ನಿಂತ ಮೇಲೆ.

ಪ್ರತಿಜ್ಞೆಗೆ ಕಾರಣವಿತ್ತು. ಹಿಂದಿನ ವರ್ಷ ಮಕ್ತಲದಲ್ಲಿ ನಮ್ಮ ದೂರದ ನೆಂಟ ಉರುಕುಂದಪ್ಪ ಹೊಲದಲ್ಲಿ ಬಾವಿ ತೋಡಿಸಿದ್ದ. "ನೀರು ಹೆಂಗ ಬಿದ್ದೈತಿ, ಬಗ್ಗಿ ನೋಡೋ ಆದೆಪ್ಪ" ಅಂದ. ಬಗ್ಗಿದೆ. ಆಳ ಕಾಣಿಸಿತು. ಆಮೇಲೆ ಏನೂ ಕಾಣಿಸಲಿಲ್ಲ. ಉರುಕುಂದಪ್ಪನ ಎರಡೂ ಕಾಲುಗಳನ್ನು ತಬ್ಬಿಕೊಂಡು ಕೆಸರಿನಲ್ಲಿ ಕುಕ್ಕರಿಸಿದೆ. ಅವನೂ ನನ್ನ ಮೇಲೆ ಬಿದ್ದ. ಎತ್ತರದಿಂದ ಕೆಳಗೆ ನೋಡುವುದು ನನಗೆ ಆಗಿಬರುವುದಿಲ್ಲ, ಇದ್ದದ್ದು ಇಷ್ಟೇ. ಆದರೆ ಬಾವಿ ನೋಡಲು ನೆರೆದ ಜನಕ್ಕೆ ಇಷ್ಟು ಸಣ್ಣ ವಿಷಯ ಸಾಲುತ್ತದೆಯೇ? "ಮೂರ್ಛಿ ಬಂತು, ಹಿಡೀರಿ" ಎಂದು ಒಬ್ಬ ಕೂಗಿದ. ಇನ್ನೊಬ್ಬ ನನ್ನ ಮುಷ್ಟಿಗೆ ಕಬ್ಬಿಣದ ಬೀಗದಕೈ ತುರುಕಿದ. ಉಳಿದವರು ತಮ್ಮ ತಮ್ಮ ಚಪ್ಪಲಿ ಕಳಚಿ, ಸರದಿ ತಪ್ಪದಂತೆ ನನ್ನ ಮೂಗಿಗೆ ಹಿಡಿದರು. ಮಕ್ತಲದ ಸಮಸ್ತ ಮಹಾಜನರ ಪಾದಸೇವೆಯನ್ನು ಮೂಗಿನಿಂದಲೇ ಮುಗಿಸಿಕೊಂಡು ಮನೆಗೆ ಬಂದೆ.

ಸುದ್ದಿ ನನಗಿಂತ ಮೊದಲೇ ಬಂದು ಕಟ್ಟೆಯ ಮೇಲೆ ಕುಳಿತಿತ್ತು. ಆದೆಪ್ಪನ ಮನೆತನದಲ್ಲಿ ಮೂರ್ಛೆರೋಗ ಇದೆಯಂತೆ! ನನ್ನ ಮಗಳು ಸುಗುಣಾಳನ್ನು ನೋಡಲು ನಮ್ಮ ಪಕ್ಕದ ಮದ್ದೂರಿನಿಂದ ಬರಬೇಕಾದವರು ಬರಲೇ ಇಲ್ಲ. ಕೊತ್ತಪಲ್ಲಿಯವರು ಬಂದರು, ಮಂಡಾಳ ಒಗ್ಗರಣೆ ತಿಂದರು, ಹುಡುಗಿಯನ್ನು ಬಿಟ್ಟು ನನ್ನ ಮುಖವನ್ನೇ ಪಿಳಿಪಿಳಿ ನೋಡಿ ಎದ್ದು ಹೋದರು. ಸುಗುಣಾ ಅವರ ತಟ್ಟೆಗಳನ್ನು ಎತ್ತಿ ತೊಳೆದಿಟ್ಟಳು. ಅವಳು ಅತ್ತಿದ್ದರೆ ಗದರಿಸಿ ಸುಮ್ಮನಾಗಿಸುತ್ತಿದ್ದೆ. ತಟ್ಟೆ ತೊಳೆದದ್ದನ್ನು ನೋಡಿ ನನಗೆ ಬಹಳ ಸಂಕಟವಾಯಿತು.

ಇಂಥ ಹೊತ್ತಿನಲ್ಲಿ ಗದ್ವಾಲದ ಸಂಬಂಧ ಬಂತು. ಶಿವಶಂಕರಪ್ಪನವರದು ಶೇಂಗಾ ವ್ಯಾಪಾರ, ಒಳ್ಳೆಯ ಮನೆತನ, ಹುಡುಗನೂ ಲಕ್ಷಣವಾಗಿದ್ದ. ಆದರೂ ಅವರು ಹೇಳಿ ಕಳಿಸಿದ್ದು ಹೀಗೆ: "ಎಲ್ಲಾ ಚಲೋ ಐತ್ರಿ. ಮೂರ್ಛಿ ಮಾತೊಂದು ಕಿವಿಗೆ ಬಿದ್ದೈತಿ. ಸ್ವಲ್ಪ ನಿಂತು ನೋಡೋಣು." ಕಳಂಕ ತೊಳೆಯಬೇಕಾದರೆ ಬೆಟ್ಟಗುಡ್ಡದಲ್ಲೇ ತೊಳೆಯಬೇಕು ಎಂದು ನಿಶ್ಚಯಿಸಿದೆ. ಆಗ ನಮ್ಮ ನಿಜಾಮ್ ಸರ್ಕಾರದ ದೊಡ್ಡ ದೊಡ್ಡ ಸಾಹೇಬರೆಲ್ಲ ಅಜಂತಾ ಅಜಂತಾ ಎನ್ನುತ್ತಿದ್ದ ಕಾಲ. ನಮ್ಮ ಸೀರೆ ಒಯ್ಯುವ ಹೈದರಾಬಾದಿನ ವ್ಯಾಪಾರಿಗಳೂ ಅದನ್ನೇ ಹೊಗಳುತ್ತಿದ್ದರು.

"ಅಜಂತಾ ಅಂದ್ರ ಯಾವ ದೇವರ್ರೀ?" ನನ್ನ ಹೆಂಡತಿ ಚನ್ನವೀರಮ್ಮ ರೊಟ್ಟಿ ಬಡಿಯುತ್ತ ಕೇಳಿದಳು.

"ಬುದ್ಧ."

"ಅವರಿಗೆ ಯಾವ ವಾರ?"

"ವಾರ ಗೀರ ಇಲ್ಲ. ರಾಜನ ಮಗ ಇದ್ದ, ಮನಿ ಬಿಟ್ಟು ಹೋದ."

"ಒಬ್ಬರ ಹೋದರೋ, ಮನ್ಯಾಕೀನ ಕರಕೊಂಡು ಹೋದರೋ?"

"ಹೆಂಡ್ತಿ, ಕೂಸು ಮಲಗಿದ್ದಾಗ ಎದ್ದು ಹೋದನಂತ."

ರೊಟ್ಟಿ ಬಡಿಯುವ ಸದ್ದು ನಿಂತಿತು. "ಮದುವಿ ಮಾತಿಗೆ ಬೀಗರನ್ನ ಕರಕೊಂಡು ಹೋಗಾಕ ನಿಮಗ ಈ ದೇವರ ಸಿಕ್ಕರೇನು?"

"ನಿನಗ ತಿಳಿಯಂಗಿಲ್ಲ. ಗವಿ ಅಂದ್ರ ಏನು? ಗುಡ್ಡದ ಹೊಟ್ಟಿ. ಒಳಗ ಹೋದವ ಎಲ್ಲಿಗೆ ಬೀಳ್ತಾನ? ಊರಾಗ ಮಾತ್ರ, ಆದೆಪ್ಪ ಅಜಂತಾ ಗುಡ್ಡ ಹತ್ತಿ ಬಂದ ಅಂತ ಹೆಸರು."

"ಗವಿ ಬಾಗಿಲಿಗೆ ಹೋಗೂ ದಾರಿ ಹೆಂಗೈತಿ?"

"ದಾರಿ ಅಂದ್ರ ದಾರಿ" ಎಂದು ತಟ್ಟೆಯಲ್ಲಿ ಕೈ ತೊಳೆದು ಎದ್ದೆ. ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆ ಮಹಾಪುರುಷರು ಉತ್ತರ ಕೊಡುತ್ತ ಕೂರಬಾರದು.

ಶಿವಶಂಕರಪ್ಪನವರು ಯಾಕೋ ಹಿಂದೆಮುಂದೆ ನೋಡಿದರು. ಆದರೆ ಅವರ ಹೆಂಡತಿ ವೀರಬಸಮ್ಮ "ಹೋಗೂಣು" ಎಂದುಬಿಟ್ಟರಂತೆ. ಎರಡು ಜೋಡಿ ಹೊರಟೆವು. ರೈಲು ಬದಲಿಸಿ ಬದಲಿಸಿ ಔರಂಗಾಬಾದು ಮುಟ್ಟಿ, ಅಲ್ಲಿಂದ ಬಾಡಿಗೆ ಮೋಟಾರಿನಲ್ಲಿ ಹೊರಟರೆ ದಾರಿಯುದ್ದಕ್ಕೂ ನನ್ನದೇ ಉಪನ್ಯಾಸ. "ಗುಡ್ಡ ಅಂದ್ರ ನನಗ ಮನಿ ಪಡಸಾಲಿ ಇದ್ದಂಗರಿ" ಎಂದೆ. ಶಿವಶಂಕರಪ್ಪನವರು "ನನಗೂ ಹಂಗರಿ" ಎಂದು ಕಿಟಕಿಯ ಹೊರಗೆ ನೋಡಿದರು. ಚನ್ನವೀರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು, ಧೂಳಿಗೆ ಅಂದುಕೊಂಡೆ.

ಅಜಂತಾ ಬಂತು. ಗವಿ ಗುಡ್ಡದ ಹೊಟ್ಟೆಯಲ್ಲೇ ಇತ್ತು, ನನ್ನ ಲೆಕ್ಕ ತಪ್ಪಿರಲಿಲ್ಲ. ಆದರೆ ಆ ಹೊಟ್ಟೆ ಗೋಡೆಯಷ್ಟು ನೆಟ್ಟಗೆ ಎದ್ದು ನಿಂತಿತ್ತು! ಅದರ ನಡುವಿಗೆ ಉಡಿದಾರ ಕಟ್ಟಿದ ಹಾಗೆ ಒಂದು ಕಾಲುದಾರಿ. ಒಂದು ಕಡೆ ಬಂಡೆ. ಇನ್ನೊಂದು ಕಡೆ ಏನೂ ಇಲ್ಲ. ಆ ಏನೂ ಇಲ್ಲದ್ದರ ತಳದಲ್ಲಿ ಹೊಳೆಯೊಂದು ನೂಲಿನೆಳೆಯಂತೆ ಹೊಳೆಯುತ್ತಿತ್ತು. ಆ ಭಿಕ್ಷುಗಳು ಸಂಸಾರ ಬಿಟ್ಟವರು, ಬಿದ್ದರೂ ಕೇಳುವವರಿಲ್ಲ, ಎಲ್ಲಿ ಬೇಕಾದರೂ ದಾರಿ ಮಾಡಿಕೊಳ್ಳಬಹುದು. ಮದುವೆಗೆ ಬಂದ ಮಗಳಿರುವವನು ಏನು ಮಾಡಬೇಕು?

ಮೊದಲ ಗವಿಗಳನ್ನು ಉಪಾಯದಿಂದ ದಾಟಿದೆ. ಮುಖವನ್ನು ಬಂಡೆಗೆ ಒತ್ತಿ ಏಡಿಯಂತೆ ಅಡ್ಡಡ್ಡ ನಡೆದೆ. "ಕಲ್ಲಿನ ಜಾತಿ ನೋಡಾಕತ್ತೀನ್ರಿ" ಎಂದೆ. ಶಿವಶಂಕರಪ್ಪನವರು "ಕಲ್ಲು ಭಾಳ ಚಲೋ ಐತ್ರಿ" ಎಂದು ಅವರೂ ಬಂಡೆಗೆ ಕೆನ್ನೆ ಹಚ್ಚಿಕೊಂಡು ಬಂದರು. ಒಳ್ಳೆಯ ಮನುಷ್ಯರು, ಬೀಗರ ಅಭಿರುಚಿಯನ್ನು ಗೌರವಿಸುವವರು ಎಂದುಕೊಂಡೆ. ಹೆಂಗಸರಿಬ್ಬರೂ ಬುತ್ತಿಯ ಗಂಟು ತಲೆಯ ಮೇಲಿಟ್ಟುಕೊಂಡು, ಕೈಬೀಸಿ ಮಾತಾಡುತ್ತ, ಸಂತೆಗೆ ಹೋಗುವವರ ಹಾಗೆ ಮುಂದೆ ಹೋಗುತ್ತಿದ್ದರು.

ಕೊನೆಯ ಕಡೆಗೆ ದಾರಿ ಇನ್ನಷ್ಟು ಕಿರಿದಾಯಿತು. ನಮ್ಮ ಹಿಂದೆ ಬರುತ್ತಿದ್ದ ಚೌಕೀದಾರ "ಸಂಭಾಲ್ಕೆ ಸಾಬ್, ನೀಚೆ ಮತ್ ದೇಖೋ" ಎಂದ. ಕೆಳಗೆ ನೋಡಬೇಡ ಎಂದರೆ ನೋಡದೆ ಇರಲು ನಾನೇನು ಬುದ್ಧನೇ? ನೋಡಿದೆ. ಹೊಳೆ ಮೇಲೆ ಬಂತು, ಆಕಾಶ ಕೆಳಗೆ ಹೋಯಿತು. ಮರುಕ್ಷಣ ದಾರಿಯ ಮೇಲೆ ಉದ್ದಕ್ಕೆ ಬೋರಲು ಬಿದ್ದಿದ್ದೆ, ಎರಡೂ ಕೈಯಿಂದ ಕಲ್ಲು ಹಿಡಿದುಕೊಂಡು.

"ಅಯ್ಯ, ಬೀಗರು ಬಿದ್ದರು. ಮೂರ್ಛಿ ಏನ್ರಿ ಇದು?" ಶಿವಶಂಕರಪ್ಪನವರ ದನಿ ಕೇಳಿತು.

ಚೌಕೀದಾರ ತಡಮಾಡಲಿಲ್ಲ. ಅನುಭವಸ್ಥ. ಅವನ ಒಂದು ಚಪ್ಪಲಿ ಕಳಚಿ ನನ್ನ ಮೂಗಿನ ಕಡೆಗೆ ಬರುತ್ತಿರುವುದು ಓರೆಗಣ್ಣಿಗೆ ಕಾಣಿಸಿತು. ಅದು ಮೂಗಿಗೆ ಮುಟ್ಟಿದರೆ ಸುಗುಣಾಳ ಮದುವೆ ಅಲ್ಲಿಗೆ ಮುಗಿದ ಹಾಗೆ. ಎಲ್ಲಿಂದ ಬಂತೋ ಆ ಮಾತು, ನಾನು ಕಲ್ಲಿಗೆ ಮೂಗು ಒತ್ತಿಕೊಂಡೇ ಕೂಗಿದೆ: "ಮೂರ್ಛಿ ಅಲ್ರಿ. ದೀಡ ನಮಸ್ಕಾರ. ಹರಕಿ ಹೊತ್ತೀನಿ."

ಚಪ್ಪಲಿ ನಿಂತಿತು. ದೇವರಿಗೆ ಉದ್ದಕ್ಕೆ ಬಿದ್ದು, ಕೈ ಮುಟ್ಟಿದಲ್ಲಿ ಗೆರೆ ಎಳೆದು, ಎದ್ದು ಆ ಗೆರೆಗೆ ಹೋಗಿ ಮತ್ತೆ ಬಿದ್ದು ಗುಡಿ ಮುಟ್ಟುವ ಸೇವೆಗೆ ನಮ್ಮ ಸೀಮೆಯಲ್ಲಿ ಯಾರೂ ಅಡ್ಡ ಬರುವುದಿಲ್ಲ. ಬಿದ್ದದ್ದಕ್ಕೆ ಮಾನ ಸಿಗುವ ಕೆಲಸ ಲೋಕದಲ್ಲಿ ಅದೊಂದೇ.

"ಬುದ್ಧಗ ದೀಡ ನಮಸ್ಕಾರ?" ಶಿವಶಂಕರಪ್ಪನವರು ಕೇಳಿದರು.

"ದೇವರು ಯಾರಾದರೇನ್ರಿ."

"ಖರೆ. ಆದ್ರ ಎದ್ದು ನಿಂತು ಕೈ ಮುಗದು ಮತ್ತ ಬೀಳಬೇಕಲ್ರಿ?"

ಎದ್ದು ನಿಲ್ಲುವುದೇ? "ನಮ್ಮ ಮನೆತನದ ಪದ್ಧತಿ ಕಠಿಣರಿ. ಗುಡಿ ಮುಟ್ಟೂತನಕ ಏಳಬಾರದು. ಹಂಗ ತೆವಳಬೇಕು."

ಹಿಂದೆ ಧಪ್ ಎಂದಿತು. "ನಮ್ಮ ಮನೆತನದಾಗೂ ಹಂಗ ಐತ್ರಿ" ಎಂದು ಶಿವಶಂಕರಪ್ಪನವರು ನನ್ನ ಹಿಮ್ಮಡಿಯ ಹತ್ತಿರದಿಂದ ಹೇಳಿದರು. "ಬೀಗರು ಒಬ್ಬರ ಪುಣ್ಯ ಕಟಗೊಳ್ಳೋದು ಚಂದ ಅಲ್ಲ." ಅವರ ಧ್ವನಿಯಲ್ಲಿ ಎಂಥ ಭಕ್ತಿ! ನಡುಗುತ್ತಿತ್ತು.

ಹೆಂಗಸರು ಹಿಂದಿರುಗಿ ಬಂದು ಈ ದೃಶ್ಯ ನೋಡಿದರು. ಚನ್ನವೀರಮ್ಮ ನನ್ನ ತಲೆಯ ಹತ್ತಿರ ಬಂದು ನಿಂತಳು. ಅದೂ ಏನೂ ಇಲ್ಲದ ಕಡೆಗೆ ಬೆನ್ನು ಮಾಡಿ.

"ಹರಕಿ ಯಾವಾಗ ಹೊತ್ರಿ?"

"ಮನಸ್ನ್ಯಾಗ."

"ಚಲೋ ಆತು. ಒಣ ಬಟ್ಟಿಯಾಗ ಯಾರಾರ ದೀಡ ನಮಸ್ಕಾರ ಹಾಕ್ತಾರೇನು?" ಎಂದವಳೇ ಕುಡಿಯುವ ನೀರಿನ ತಂಬಿಗೆಯನ್ನು ನನ್ನ ಬೆನ್ನ ಮೇಲೆ ಬಗ್ಗಿಸಿದಳು. ಮಿಕ್ಕ ನೀರನ್ನು ವೀರಬಸಮ್ಮ ಕೇಳಿ ಇಸಕೊಂಡು ತಮ್ಮ ಯಜಮಾನರಿಗೆ ಸುರಿದರು. "ಉಪಾಸನೂ ಇರಬೇಕಲ್ಲ ಅಕ್ಕಾರ?" ಎಂದಳು ಚನ್ನವೀರಮ್ಮ. "ಇರಬೇಕವ್ವ, ಹರಕಿ ಅಂದ ಮ್ಯಾಲ" ಎಂದರು ವೀರಬಸಮ್ಮ. ಇಬ್ಬರೂ ದಾರಿಯ ಅಂಚಿನಲ್ಲೇ ಕಾಲು ಇಳಿಬಿಟ್ಟು ಕುಳಿತು, ಸಜ್ಜೆ ರೊಟ್ಟಿಗೆ ಶೇಂಗಾ ಹಿಂಡಿ ಚಟ್ನಿ ಹಚ್ಚಿಕೊಂಡು ತಿನ್ನತೊಡಗಿದರು. ಹಿಂಡಿಯ ವಾಸನೆ ನಮ್ಮ ಜೊತೆಜೊತೆಗೆ ತೆವಳುತ್ತ ಬಂತು.

ಒದ್ದೆ ಧೋತರ, ಬಿಸಿಗಲ್ಲು, ಹಸಿದ ಹೊಟ್ಟೆ. ಮೊಳಕೈ ತರಚಿತು, ಅಂಗಿಯ ಗುಂಡಿಗಳು ಒಂದೊಂದಾಗಿ ಬುದ್ಧನಿಗೆ ಅರ್ಪಿತವಾದವು. ಎದುರಿಗೆ ಬಂದ ಯಾತ್ರಿಕರು ನಮ್ಮನ್ನು ಮಹಾನುಭಾವರೆಂದು ಭಾವಿಸಿ ದಾಟಲು ಹೆದರಿ ಹಿಂದಕ್ಕೆ ಸರಿದರು. ಒಬ್ಬಳು ಅಜ್ಜಿಯಂತೂ ನನ್ನ ಚಾಚಿದ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಜೀವಮಾನದಲ್ಲಿ ನಾನು ಗಳಿಸಿದ ಏಕೈಕ ಭಕ್ತೆ. ಅವಳ ಮುಖ ನೋಡಲು ತಲೆ ಎತ್ತುವ ಧೈರ್ಯ ನನಗಾಗಲಿಲ್ಲ.

ಅಂತೂ ಗವಿಯ ಹೊಸ್ತಿಲು ಕೈಗೆ ಸಿಕ್ಕಿತು. ಒಳಗೆ ತೆವಳಿ ತಲೆ ಎತ್ತಿದರೆ, ಎಡಗೋಡೆಯ ಉದ್ದಕ್ಕೂ ಬುದ್ಧ ಮಲಗಿದ್ದಾನೆ! ಆನೆಗಾತ್ರದ ದೇವರು, ತಲೆದಿಂಬಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ.

ಚನ್ನವೀರಮ್ಮ ಬುದ್ಧನನ್ನು ನೋಡಿದಳು, ನನ್ನನ್ನು ನೋಡಿದಳು. "ಪಾಪ, ಅವರೂ ಇದ ದಾರೀಲೆ ಬಂದರೇನೋ."

ಆದರೂ ನಾನು ಗೆದ್ದಿದ್ದೆ. ಮೂರ್ಛೆಯ ಮಾತು ಅಳಿಸಿಹೋಗಿತ್ತು. ಬೀಗರು ನನ್ನ ಪಕ್ಕದಲ್ಲೇ ಕುಳಿತು ಏದುಸಿರು ಬಿಡುತ್ತಿದ್ದರು. ಈಗಲೇ ಮದುವೆಯ ಮಾತು ತೆಗೆಯಬೇಕು ಎಂದು ಗಂಟಲು ಸರಿಪಡಿಸಿಕೊಂಡೆ. ಅಷ್ಟರಲ್ಲಿ ವೀರಬಸಮ್ಮ "ನಡೀರಿ, ಹೊತ್ತಾತು. ಹೋಗೂಣು" ಎಂದರು.

ಹೋಗುವುದು. ಅದೇ ದಾರಿ. ಬರುವಾಗ ಎದುರಿಗೆ ದೇವರಿದ್ದ, ಬೀಳಲು ನೆಪವಿತ್ತು. ಹೋಗುವಾಗ ದೇವರು ಬೆನ್ನಿಗೆ. ದೇವರಿಗೆ ಬೆನ್ನು ಮಾಡಿ ದೀಡ ನಮಸ್ಕಾರ ಹಾಕಿದವನು ಹದಿನೆಂಟೂ ಪುರಾಣದಲ್ಲಿ ಹುಡುಕಿದರೆ ಸಿಗುವುದಿಲ್ಲ. ನಾನು ಶಿವಶಂಕರಪ್ಪನವರನ್ನು ನೋಡಿದೆ. ಅವರೂ ಅದೇ ಲೆಕ್ಕಕ್ಕೆ ಬಂದು ನಿಂತು ನನ್ನನ್ನು ನೋಡುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು.

"ಬೀಗರ" ಎಂದರು ಮೆಲ್ಲಗೆ, "ಇಲ್ಲೇ ನಾಕು ದಿನ ಧ್ಯಾನ ಮಾಡಿದ್ರ ಹೆಂಗ?"

"ಭಾಳ ಚಲೋರಿ" ಎಂದೆ.

"ರುಮಾಲು ಬಿಚ್ಚರಿ" ಎಂದರು ವೀರಬಸಮ್ಮ.

ನಮ್ಮ ಕಡೆ ಗಂಡಸಿನ ತಲೆಯ ರುಮಾಲೆಂದರೆ ಅವನ ಮಾನ. ಅದನ್ನು ಬೀಗಿತಿಯ ಎದುರಿಗೆ ಬಿಚ್ಚುವುದಕ್ಕಿಂತ ಹೊಳೆಗೆ ಹಾರುವುದು ಮೇಲು. ಆದರೆ ಹೊಳೆ ಎಲ್ಲಿದೆ ಎಂಬುದು ನೆನಪಿಗೆ ಬಂದು ತಕ್ಷಣ ಬಿಚ್ಚಿದೆ. ಎರಡೂ ರುಮಾಲುಗಳನ್ನು ಗಂಟು ಹಾಕಿ ಹಗ್ಗ ಮಾಡಿದರು. ಒಂದು ತುದಿ ಚನ್ನವೀರಮ್ಮನ ಕೈಯಲ್ಲಿ, ಇನ್ನೊಂದು ತುದಿ ವೀರಬಸಮ್ಮನವರ ಕೈಯಲ್ಲಿ, ನಡುವೆ ಸೊಂಟಕ್ಕೆ ಸುತ್ತಿಸಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡ ನಾವಿಬ್ಬರು. "ಬಲಗಾಲು ಇಡ್ರಿ. ಈಗ ಎಡಗಾಲು. ಕಲ್ಲು ಬಂತು, ದಾಟ್ರಿ." ಹೊಸ ಎತ್ತುಗಳನ್ನು ಸಂತೆಯಿಂದ ಹೊಡೆದುಕೊಂಡು ಬರುವವರೂ ಇಷ್ಟು ಮಾತಾಡುವುದಿಲ್ಲ. ಚೌಕೀದಾರ ಹಿಂದಿನಿಂದ "ಶಾಬಾಸ್, ಶಾಬಾಸ್" ಎನ್ನುತ್ತಿದ್ದ.

ಕೆಳಗೆ ಮರದ ನೆರಳಿಗೆ ಬಂದು ಕಣ್ಣು ಬಿಟ್ಟೆ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಅವ್ವಾರ" ಎಂದು ವೀರಬಸಮ್ಮನವರಿಗೆ ಕೈ ಮುಗಿದೆ. "ನನಗ ಎತ್ತರ ಆಗಂಗಿಲ್ಲ. ಮಕ್ತಲದಾಗ ಬಿದ್ದಿದ್ದೂ ಇದಕ್ಕ. ಮೂರ್ಛಿ ಅಲ್ಲ, ಬರೇ ಅಂಜಿಕಿ. ನನ್ನ ಅಂಜಿಕಿ ಸಲುವಾಗಿ ನನ್ನ ಮಗಳನ್ನ ಬ್ಯಾಡ ಅನಬ್ಯಾಡ್ರಿ. ಆಕಿ ಹಂಗಿಲ್ಲ."

ಶಿವಶಂಕರಪ್ಪನವರು ನೆಲ ನೋಡಿದರು. ವೀರಬಸಮ್ಮ ರುಮಾಲಿನ ಗಂಟು ಬಿಚ್ಚುತ್ತಲೇ ಹೇಳಿದರು:

"ನಿಮ್ಮನ್ನ ಯಾರು ನೋಡಾಕ ಬಂದಿದ್ರು, ಬೀಗರ? ಇವರು ಅಟ್ಟ ಹತ್ತಿದ್ರ ಇಳಿಸಾಕ ಮಂದಿ ಕರೀಬೇಕು. ಮಗ ಇವರಿಗಿಂತ ಒಂದು ಕೈ ಹೆಚ್ಚು. ಮಾಳಿಗಿ ಸೋರಿದ್ರ ಮ್ಯಾಲ ಹತ್ತಿ ಮಣ್ಣು ಹಾಕಾಕಿ ಆ ಮನ್ಯಾಗ ನಾ ಒಬ್ಬಾಕೀನ. ನನಗೂ ಮಣಕಾಲು ಸೋತಾವು. ಸೊಸಿ ತರೂ ಮುಂಚೆ ಆಕೀನ ಬೆಳಸಿದಾಕಿ ಹೆಂಗ ನಡೀತಾಳ ನೋಡಬೇಕಾಗಿತ್ತು. ನೋಡಿದೆ. ಬರೂ ಸೋಮವಾರ ನಿಶ್ಚಯಕ್ಕ ಬರ್ತೀವಿ."

ನನ್ನ ಎದೆಯ ಮೇಲಿದ್ದ ಗುಡ್ಡ ಇಳಿಯಿತು. ಸಂತೋಷದಲ್ಲಿ ಹಳೆಯ ಚಾಳಿ ಮತ್ತೆ ಬಾಯಿಗೆ ಬಂತು. "ಅಂದ್ರ, ನಾ ನಿಮ್ಮನ್ನ ಇಲ್ಲಿಗೆ ಕರಕೊಂಡು ಬಂದಿದ್ದು ಚಲೋನ ಆತಲ್ರಿ?"

ಚನ್ನವೀರಮ್ಮ ಖಾಲಿ ಬುತ್ತಿಯ ಗಂಟು ತಲೆಗೆ ಏರಿಸಿಕೊಂಡು ಗುಡ್ಡದ ಕಡೆಗೊಮ್ಮೆ ಆಸೆಯಿಂದ ನೋಡಿದಳು.

"ನೀವಿಬ್ಬರು ಬರದಿದ್ರ ಇನ್ನೂ ಚಲೋ ಆಗ್ತಿತ್ತು. ಆ ಕಡೆ ಇನ್ನೊಂದು ಗವಿ ಇತ್ತಂತ."